ಭಿನ್ನರಾಶಿಯೂ ‘ಶೇಷ’ವೆಂಬ ಪದವೂ

ಕಲಬುರಗಿ ಜಿಲ್ಲೆಯ ಮಳಖೇಡವೇ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. ಅಲ್ಲಿಂದ ಆಳಿದ ಅಮೋಘವರ್ಷ ನೃಪತುಂಗನನ್ನು ಮಹಾವೀರಾಚಾರ್ಯರು ಕ್ರಿ.ಶ. 850ರ ಸುಮಾರಿನಲ್ಲಿ ತಮ್ಮ ‘ಗಣಿತಸಾರಸಂಗ್ರಹ’ದ ಆರಂಭದಲ್ಲಿ ಪ್ರಶಂಸಿಸಿದ್ದಾರೆ. ಬ್ರಹ್ಮಗುಪ್ತನ ಸಿದ್ಧಾಂತ ಗ್ರಂಥದಲ್ಲಿ ಜ್ಯೋತಿಷದ ನಡುವಣ ಅಧ್ಯಾಯವಾಗಿದ್ದ ಗಣಿತವು ಇಲ್ಲಿ ಇಡೀ ಗ್ರಂಥದ ವಿಷಯವಾಗಿದೆ.

ಭಿನ್ನರಾಶಿಗಳಿಗೆ ಮೀಸಲಾದ ಪ್ರಕರಣಕ್ಕೆ ‘ಕಲಾಸವರ್ಣ’ವೆಂದು ಹೆಸರು. ಭಿನ್ನದಿಂದ ಭಾಗಿಸುವಾಗ ಭಾಜಕದ ಅಂಶ, ಛೇದಗಳನ್ನು ತಿರುವುಮುರುವು ಮಾಡಿ ಗುಣಿಸಬೇಕೆಂಬ ನಿಯಮ ಅಲ್ಲಿದೆ. ಛೇದಗಳ ಲಘುತಮ ಸಾಮಾನ್ಯ ಅಪವರ್ತ್ಯವನ್ನು ಆಚಾರ್ಯರು ‘ನಿರುದ್ಧ’ವೆಂದು ಕರೆದರು. ಶೂನ್ಯದಿಂದ ಭಾಗಿಸಿದರೆ ಸಂಖ್ಯೆ ಬದಲಾಗದೆಂದು ಅವರು ಹೇಳಿದ್ದು ಸರಿಯಲ್ಲ. ಆದರೆ ಭಿನ್ನಗಳ ವಿಷಯದಲ್ಲಿ ಅವರ ಕೈ ಬಹಳ ಗಟ್ಟಿ.

ಮುಂದಿನ ‘ಪ್ರಕೀರ್ಣಕ’ದಲ್ಲಿ ಭಿನ್ನಗಳುಳ್ಳ ಸಮೀಕರಣಗಳೇ ಮಾತಿನ ರೂಪದಲ್ಲಿ ಬರುತ್ತವೆ. ಕಮಲಾಪುರದ ಕೆಂಪು ಬಾಳೆಯನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. ತೋಟದ ಗೊನೆಗಳಲ್ಲಿ ಮೂರನೆಯ ಒಂದು ಪಾಲು ಕಮಲಾಪುರದಲ್ಲಿಯೇ ಮಾರಾಟವಾಯಿತು, ನಾಲ್ಕನೆಯ ಒಂದು ಪಾಲು ದಾರಿಯಲ್ಲಿ ಹೋಯಿತು, ಕಲಬುರಗಿಗೆ 30 ಗೊನೆ ತಲುಪಿತು. ಒಟ್ಟು ಎಷ್ಟು? 3 ಮತ್ತು 4ರ ನಿರುದ್ಧ 12. ಸಮೀಕರಣದ ಪ್ರತಿಯೊಂದು ಪದವನ್ನೂ 12ರಿಂದ ಗುಣಿಸಿದರೆ ಛೇದಗಳು ಮಾಯವಾಗುತ್ತವೆ: ಹನ್ನೆರಡು ಅವ್ಯಕ್ತದಿಂದ ನಾಲ್ಕು ಮತ್ತು ಮೂರು ಅವ್ಯಕ್ತಗಳನ್ನು ಕಳೆದರೆ ಉಳಿದ ಐದು ಅವ್ಯಕ್ತ 360ಕ್ಕೆ ಸಮ. (30ನ್ನೂ 12ರಿಂದ ಗುಣಿಸಲು ವಿದ್ಯಾರ್ಥಿಗಳು ಮರೆಯುವುದುಂಟು.) ಉತ್ತರ 72. ಆಚಾರ್ಯರ ‘ಭಾಗಜಾತಿ’ ಸೂತ್ರ ಇನ್ನೂ ಹ್ರಸ್ವ: ಒಂದರಿಂದ ಭಿನ್ನಗಳ ಮೊತ್ತವನ್ನು ಕಳೆದು, ಬಂದದ್ದರಿಂದ ಉಳಿದ ಸಂಖ್ಯೆಯನ್ನು ಭಾಗಿಸುವುದು.

ಇದೇ ಲೆಕ್ಕದಲ್ಲಿ ‘ಉಳಿದುದರ ನಾಲ್ಕನೆಯ ಒಂದು ಪಾಲು’ ಎಂದು ಓದಿದರೆ ಅದು ‘ಶೇಷಜಾತಿ’. ಆಗ ಮೂರರಲ್ಲಿ ಎರಡು, ನಾಲ್ಕರಲ್ಲಿ ಮೂರು ಎಂಬ ಶೇಷಗಳನ್ನು ಪರಸ್ಪರ ಗುಣಿಸಬೇಕು, ಅರ್ಧ ದೊರೆಯುತ್ತದೆ. 30ನ್ನು ಅರ್ಧದಿಂದ ಭಾಗಿಸಿದರೆ 60. ಒಂದೇ ಪದದ ಅಂತರ, ಹನ್ನೆರಡು ಗೊನೆಗಳ ವ್ಯತ್ಯಾಸ! ತೋಟದವನು 72 ಕಳುಹಿಸಿದೆನೆಂದು, ಮಾರಿದವನು 60 ಬಂದಿತೆಂದು ವಾದಿಸಿದರೆ ಇಬ್ಬರ ಗುಣಾಕಾರ, ಭಾಗಾಕಾರಗಳೂ ನಿರ್ದೋಷವಾಗಿಯೇ ಇರಬಲ್ಲವು. ಒಡಂಬಡಿಕೆಯ ಪತ್ರದಲ್ಲಿ ಪಾಲು ಯಾವುದರದೆಂದು ಬರೆಯದೆ ಬಿಡುವವನು, ತಿಳಿದೇ ಬಿಟ್ಟಿದ್ದರೆ, ತಕ್ಕಡಿಯನ್ನು ಮುಟ್ಟದೆಯೇ ಕಳ್ಳತೂಕ ಮಾಡಿದಂತೆ. ಪಾಲುದಾರರ ಲಾಭಹಂಚಿಕೆಯಲ್ಲಿಯೂ ಆಸ್ತಿ ವಿಭಾಗದಲ್ಲಿಯೂ ಇದೇ ಪದ ಕಾಡುತ್ತದೆ.

ಬಡ್ಡಿ ಮತ್ತು ಹಂಚಿಕೆಯ ಲೆಕ್ಕಗಳು ಗ್ರಂಥದ ‘ಮಿಶ್ರಕವ್ಯವಹಾರ’ದಲ್ಲಿವೆ. 1912ರಲ್ಲಿ ಮದ್ರಾಸಿನಲ್ಲಿ ಎಂ. ರಂಗಾಚಾರ್ಯರು ಮೂಲವನ್ನು ಇಂಗ್ಲಿಷ್ ಅನುವಾದದೊಂದಿಗೆ ಪ್ರಕಟಿಸಿದರು; ಕನ್ನಡ ಅನುವಾದವೂ ಈಗ ಲಭ್ಯವಿದೆ.