ಮೆಟ್ರೊಪೊಲಿಸ್: ಮಕ್ಕಳನ್ನು ನುಂಗಿದ ಮಾತೃಪುರ

ವಾಚಕರೆ, ‘ಮೆಟ್ರೊಪೊಲಿಸ್’ ಎಂಬುದು ಗ್ರೀಕ್ ಮೂಲದ ಶಬ್ದ. ತಾಯಿ ಎಂಬ ಅರ್ಥದ ‘ಮೇಟರ್’, ನಗರ ಎಂಬ ಅರ್ಥದ ‘ಪೋಲಿಸ್’ ಕೂಡಿ ಆದದ್ದು. ನಮ್ಮ ‘ಮಾತೃ’, ‘ಪುರ’ ಶಬ್ದಗಳು ಇವಕ್ಕೆ ಸೋದರಿಯರೆಂದು ಭಾಷಾಶಾಸ್ತ್ರಜ್ಞರ ಮತ. ಆದರೆ ಈ ಹೆಸರಿನ ಜರ್ಮನ್ ಮೂಕಚಿತ್ರದ ಮಾತೃಪುರವು ತನ್ನ ಮಕ್ಕಳನ್ನೇ ನುಂಗುವ ತಾಯಿ. ಮಾತಿನ ನೆರವಿಲ್ಲದೆ ದಿಗ್ದರ್ಶಕನು ಆ ಕ್ರೌರ್ಯವನ್ನು ಹೇಗೆ ಕಣ್ಣಿಗೆ ಕಟ್ಟುವಂತೆ ಮಾಡಿದನೆಂಬುದು ವಿಚಾರಯೋಗ್ಯವಾಗಿದೆ.

ಫ್ರಿಟ್ಸ್ ಲಾಂಗನು 1890ರಲ್ಲಿ ವಿಯೆನ್ನಾದಲ್ಲಿ ಹುಟ್ಟಿದವನು. ಕಟ್ಟಡ ಕಟ್ಟಿಸುವ ಗೃಹಸ್ಥನೊಬ್ಬನ ಮಗ. 1924ರಲ್ಲಿ ಅವನು ನ್ಯೂಯಾರ್ಕಿನ ಗಗನಚುಂಬಿ ಸೌಧಗಳನ್ನು ಕಂಡು ಬೆರಗಾದನು. ಚಿತ್ರಕಥೆಯನ್ನು ಅವನ ಪತ್ನಿ ಥೇಯಾ ಫಾನ್ ಹಾರ್ಬೋ ಬರೆದಳು. ಉಫಾ ಸಂಸ್ಥೆಯ ಆಶ್ರಯದಲ್ಲಿ 1925ರ ಮೇ ತಿಂಗಳಿನಿಂದ 1926ರ ಅಕ್ಟೋಬರಿನವರೆಗೆ ಚಿತ್ರೀಕರಣ ನಡೆದು, 1927ರ ಜನವರಿ 10ರಂದು ಬರ್ಲಿನ್ನಿನಲ್ಲಿ ಪ್ರಥಮ ಪ್ರದರ್ಶನವಾಯಿತು.

ಈ ನಗರದಲ್ಲಿ ಎತ್ತರವೇ ಅಂತಸ್ತು. ಗೋಪುರದಲ್ಲಿ ಒಡೆಯ, ನೆಲದಡಿಯಲ್ಲಿ ಯಂತ್ರ, ಅದಕ್ಕೂ ಕೆಳಗೆ ಕೆಲಸಗಾರರ ಮನೆಗಳು. ಪಾಳಿ ಬದಲಾಗುವ ದೃಶ್ಯವನ್ನು ನೋಡಿರಿ. ಒಂದೇ ಬಗೆಯ ಉಡುಪಿನ ಎರಡು ಸಾಲುಗಳು ತಲೆ ತಗ್ಗಿಸಿ ಎದುರುಬದುರಾಗಿ ಸಾಗುತ್ತವೆ. ದಣಿದು ಹೊರಬರುವ ಸಾಲು ಒಳಹೋಗುವ ಸಾಲಿಗಿಂತ ನಿಧಾನ. ಗೋಡೆಯ ಗಡಿಯಾರವೊಂದು ಹತ್ತೇ ಗಂಟೆಗಳನ್ನು ತೋರಿಸುತ್ತದೆ, ಪಾಳಿಯ ಅವಧಿ ಅಷ್ಟು! ಯಂತ್ರವು ಸಿಡಿದಾಗ ಒಡೆಯನ ಮಗನ ಕಣ್ಣಿಗೆ ಅದು ನರಬಲಿ ಬೇಡುವ ಮೋಲಾಕ್ ದೇವತೆಯ ಬಾಯಾಗಿ ತೋರುತ್ತದೆ. ನಮಗೆ ಏಕಚಕ್ರನಗರದ ಬಕಾಸುರನು ನೆನಪಾಗದಿರನು. ಆದರೆ ಬಕನಿಗೆ ದಿನಕ್ಕೊಬ್ಬನು ಸಾಕಾಗಿದ್ದನು. ಇಲ್ಲಿ ಸಾಲುಸಾಲಾಗಿ ಜನ.

ಇಷ್ಟು ದೊಡ್ಡ ನಗರವನ್ನು ಯಾರೂ ಕಟ್ಟಿಸಲಿಲ್ಲವಷ್ಟೆ? ಅದರ ಉಪಾಯವನ್ನು ಬಳಕೆಗೆ ತಂದವನು ಓಯ್ಗೆನ್ ಶುಫ್ಟಾನ್. ಕ್ಯಾಮೆರದ ಮುಂದೆ 45 ಡಿಗ್ರಿ ಓರೆಯಾಗಿ ಕನ್ನಡಿಯೊಂದನ್ನು ನಿಲ್ಲಿಸಿ, ಪಕ್ಕದಲ್ಲಿಟ್ಟ ಪುಟ್ಟ ಮಾದರಿ ಕಟ್ಟಡವನ್ನು ಅದರಲ್ಲಿ ಪ್ರತಿಬಿಂಬಿಸುವುದು. ಕನ್ನಡಿಯ ಒಂದು ಭಾಗದ ರಸವನ್ನು ಕೆರೆದುಹಾಕಿ, ಆ ಬರಿಯ ಗಾಜಿನ ಮೂಲಕ ದೂರದಲ್ಲಿ ನಿಂತ ನಟರನ್ನು ಕಾಣಿಸುವುದು. ಆಳೆತ್ತರದ ಮನುಷ್ಯನೂ ಮೊಳದೆತ್ತರದ ಮಹಲೂ ಒಂದೇ ಚಿತ್ರದಲ್ಲಿ ಸೇರಿಹೋಗುತ್ತಿದ್ದವು. ಬೀದಿಯ ಆಟಿಕೆ ವಾಹನಗಳನ್ನು ಕೂದಲೆಳೆಯಷ್ಟು ಸರಿಸಿ, ಒಂದೊಂದು ಚಿತ್ರವನ್ನಾಗಿ ತೆಗೆದರು. ದಿನಗಟ್ಟಲೆ ದುಡಿಮೆಗೆ ತೆರೆಯ ಮೇಲೆ ಕೆಲವೇ ಕ್ಷಣಗಳ ಫಲ.

ಆದರೆ ಒಂದು ಪ್ರಶ್ನೆಯನ್ನು ಕೇಳಿಕೊಳ್ಳದೆ ವಿಧಿಯಿಲ್ಲ. ಪ್ರವಾಹದ ದೃಶ್ಯಕ್ಕಾಗಿ ಬರ್ಲಿನ್ನಿನ ಬಡಮಕ್ಕಳನ್ನು ತಂದು, ಮತ್ತೆ ಮತ್ತೆ ನೀರಿನಲ್ಲಿ ನಿಲ್ಲಿಸಲಾಯಿತು. ಮನುಷ್ಯರನ್ನು ಯಂತ್ರದ ಕೀಲುಗಳಂತೆ ಬಳಸಬಾರದೆನ್ನುವ ಚಿತ್ರಕ್ಕೆ ಮನುಷ್ಯರೇ ಕೀಲುಗಳಾದರು. ಈ ಚಿತ್ರದಲ್ಲಿ ಜನಸ್ತೋಮವು ಅಲಂಕಾರದ ವಿನ್ಯಾಸವಾಗಿಬಿಡುತ್ತದೆಂದು ವಿಮರ್ಶಕ ಸೀಗ್‌ಫ್ರೀಡ್ ಕ್ರಾಕೌವರ್ 1947ರಲ್ಲಿ ಆಕ್ಷೇಪಿಸಿದನು. ಒಡೆಯನೂ ಆಳೂ ಕೈಕುಲುಕುವ ಮುಕ್ತಾಯವನ್ನು ಸ್ವತಃ ಲಾಂಗನೇ ಮುಂದೆ ಒಪ್ಪಲಿಲ್ಲ. ಅವನು 1933ರಲ್ಲಿ ನಾಜಿ ಜರ್ಮನಿಯನ್ನು ತೊರೆದನು. ಹಾರ್ಬೋ ಅಲ್ಲಿಯೇ ಉಳಿದಳು. ಶಿಸ್ತಾದ ಸಾಲುಗಳ ಸೌಂದರ್ಯಕ್ಕೆ ಮರುಳಾಗುವ ಕಣ್ಣು ಆ ಸಾಲಿನಲ್ಲಿರುವವನ ಮುಖವನ್ನು ಮರೆಯಬಹುದು. ಚಿತ್ರದ ಶಕ್ತಿಯೂ ಅಪಾಯವೂ ಅಲ್ಲಿಯೇ ಇವೆ.

ಪ್ರಥಮ ಪ್ರದರ್ಶನದ ಬಳಿಕ ಚಿತ್ರವನ್ನು ಬಹಳವಾಗಿ ಕತ್ತರಿಸಿದರು. ಆ ತುಂಡುಗಳು ಕಳೆದೇಹೋದವೆಂದು ಜನ ಎಣಿಸಿದ್ದರು. 2008ರಲ್ಲಿ ಬ್ಯೂನೊಸ್ ಐರಿಸ್ ನಗರದ ಚಲಚ್ಚಿತ್ರ ವಸ್ತುಸಂಗ್ರಹಾಲಯದಲ್ಲಿ ಸುಮಾರು 25 ನಿಮಿಷಗಳಷ್ಟು ಕಾಣೆಯಾದ ಭಾಗವುಳ್ಳ ಪ್ರತಿಯೊಂದು ದೊರೆಯಿತು. ಯಾವ ತುಂಡು ಎಲ್ಲಿಗೆ ಸೇರಬೇಕೆಂಬುದನ್ನು ತಿಳಿಸಿಕೊಟ್ಟ ಸಾಧನಗಳಲ್ಲಿ ಗಾಟ್‌ಫ್ರೀಡ್ ಹುಪ್ಪರ್ಟ್ಸ್ ರಚಿಸಿದ ವಾದ್ಯಸಂಗೀತದ ಸ್ವರಲಿಪಿಯೂ ಒಂದು. ಕಣ್ಣು ಕಳೆದುಕೊಂಡದ್ದನ್ನು ಕಿವಿ ಹುಡುಕಿಕೊಟ್ಟಿತೆಂಬುದು ಶ್ರೋತೃಗಳಾದ ನಮಗೆ ಸಂತೋಷದ ಸಂಗತಿಯಲ್ಲವೆ? 2010ರಲ್ಲಿ ಪುನರ್ಜನ್ಮ ಪಡೆದ ಆ ಚಿತ್ರವನ್ನು ನೋಡುವ ಅವಕಾಶ ಬಂದರೆ ಬಿಡಬೇಡಿರಿ. ಗೋಪುರಗಳನ್ನು ನೋಡಿ ಮೆಚ್ಚಿರಿ. ಸಾಲಿನಲ್ಲಿ ನಡೆಯುವವರ ಮುಖಗಳನ್ನೂ ಒಮ್ಮೆ ಅರಸಿರಿ.