ಕಹಳೆ ಬಂಡೆಯೂ ಕಾರಿನ ಗಾಲಿಯೂ

ಬಸವನಗುಡಿಯ ಕಹಳೆ ಬಂಡೆಗೆ ಆ ಹೆಸರು ಬಂದುದು, ಹಿಂದೆ ಅಲ್ಲಿ ನಿಂತ ಕಾವಲುಗಾರ ಕಹಳೆಯೂದಿ ಊರನ್ನು ಎಚ್ಚರಿಸುತ್ತಿದ್ದುದರಿಂದ ಎಂಬ ಪ್ರತೀತಿಯಿದೆ. ಮನೆಗೊಬ್ಬ ಕಾವಲುಗಾರ ಬೇಕಿರಲಿಲ್ಲ; ತಕ್ಕ ಎಡೆಯಲ್ಲಿ ಒಂದು ಕಣ್ಣು, ಎಲ್ಲರಿಗೂ ಕೇಳುವ ಒಂದು ದನಿ ಇದ್ದರೆ ಸಾಕಿತ್ತು. ಇಂದಿನ ಮೋಟಾರು ಕಾರಿನೊಳಗೆ ಬೆಳೆದು ಬಂದಿರುವುದೂ ಇಂಥದೇ ಏರ್ಪಾಡು.

1978ರಲ್ಲಿ ಜರ್ಮನಿಯ ಬಾಷ್ ಸಂಸ್ಥೆಯವರು ಎಬಿಎಸ್ ಎಂಬ ಸಾಧನವನ್ನು ಮರ್ಸಿಡಿಸ್ ಕಾರಿಗೆ ಒದಗಿಸಿದರು. ಬ್ರೇಕನ್ನು ಬಲವಾಗಿ ಒತ್ತಿದಾಗ ಗಾಲಿ ಕಚ್ಚಿಕೊಂಡು ಜಾರದಂತೆ ತಡೆಯುವುದು ಅದರ ಕೆಲಸ. ಅದಕ್ಕೆ ಗಾಲಿಯ ವೇಗ ತಿಳಿಯಬೇಕು. ತಿಳಿಸುವ ಸೆನ್ಸರನ್ನು ಎಲ್ಲಿಡುವುದು? ಗೇರುಪೆಟ್ಟಿಗೆಯ ಬಳಿ ಇಟ್ಟರೆ ಎರಡು ಗಾಲಿಗಳ ಸರಾಸರಿ ವೇಗ ಸಿಕ್ಕೀತೇ ಹೊರತು, ಜಾರುತ್ತಿರುವುದು ಯಾವುದೆಂದು ತಿಳಿಯದು. ಆದ್ದರಿಂದ ಗಾಲಿಗೊಂದರಂತೆ ನಾಲ್ಕು ಸೆನ್ಸರುಗಳನ್ನಿಡುವ ಪದ್ಧತಿ ಕ್ರಮೇಣ ನೆಲೆಗೊಂಡಿತು.

ಒಂದು ಕೆಲಸಕ್ಕೆ ನೇಮಕಗೊಂಡ ಈ ಕಾವಲುಗಾರರಿಗೆ ಬೇರೆ ಕೆಲಸಗಳೂ ಬಂದು ಸೇರಿದವು. 1995ರಲ್ಲಿ ಬಂದ, ತಿರುವಿನಲ್ಲಿ ಕಾರು ಅಡ್ಡಜಾರದಂತೆ ಕಾಯುವ ಸಾಧನವು ಇವರ ವರದಿಯನ್ನೇ ಎರವಲು ಪಡೆಯಿತು. ಇನ್ನು ಟೈರಿನ ಗಾಳಿ. ಗಾಳಿಯಿಳಿದ ಟೈರಿನ ಸುತ್ತಳತೆ ತುಸು ಕುಗ್ಗುವುದರಿಂದ ಅದು ಉಳಿದವಕ್ಕಿಂತ ಬೇಗ ಸುತ್ತುತ್ತದೆ. ಈ ವ್ಯತ್ಯಾಸವನ್ನು ಲೆಕ್ಕ ಹಾಕಿ, ಬೇರೊಂದು ಮಾಪಕವಿಲ್ಲದೆಯೇ ಎಚ್ಚರಿಕೆ ಕೊಡುವ ಕಾರುಗಳೂ ಬಂದವು.

ಕಣ್ಣಾಯಿತು, ಕಹಳೆ ಯಾವುದು? ಬಾಷ್ ಸಂಸ್ಥೆಯೇ 1986ರಲ್ಲಿ ಪ್ರಕಟಪಡಿಸಿದ ‘ಕ್ಯಾನ್’ ಎಂಬ ಸಂದೇಶವ್ಯವಸ್ಥೆ. ಒಂದು ಜೊತೆ ತಂತಿಯ ಮೇಲೆ ಒಬ್ಬ ಸಾರಿದ್ದು ಅಲ್ಲಿರುವ ಎಲ್ಲರಿಗೂ ಕೇಳಿಸುತ್ತದೆ, ಬೇಕಾದವರು ಆಯ್ದುಕೊಳ್ಳುತ್ತಾರೆ. ಈ ಸಂಸ್ಥೆ ಬೆಂಗಳೂರಿಗೆ ಹೊಸತೇನಲ್ಲ. 1951ರಲ್ಲಿ ಸ್ಥಾಪನೆಯಾಗಿ, ಆಡುಗೋಡಿಯಲ್ಲಿ ಕಾರ್ಖಾನೆ ಕಟ್ಟಿದ ನಮ್ಮ ಮೈಕೋ ಅದರದೇ ಬಳಗದ್ದು. 2008ರಲ್ಲಿ ಬಾಷ್ ಎಂದೇ ಹೆಸರು ತಳೆಯಿತು.

2019ರ ಏಪ್ರಿಲ್‌ನಿಂದ ನಮ್ಮ ದೇಶದ ಹೊಸ ಕಾರುಗಳಿಗೆ ಎಬಿಎಸ್ ಕಡ್ಡಾಯವಾಯಿತು. ಆದುದರಿಂದ ಈ ಹಂಚಿಕೆಯ ಲಾಭದಂತೆಯೇ ಅದರ ಅಪಾಯವೂ ನಮ್ಮದಾಗಿದೆ. ಮಳೆಗಾಲದ ಕೆಸರಿನಲ್ಲಿ ಒಂದು ಸೆನ್ಸರ್ ಕೆಟ್ಟರೆ, ಅದನ್ನು ನಂಬಿದ ಸಾಧನಗಳೆಲ್ಲ ಒಟ್ಟಿಗೆ ಕೈಚೆಲ್ಲಬಹುದು. ಚಾಲಕನ ಮುಂದೆ ಎರಡು ಮೂರು ದೀಪಗಳು ಒಮ್ಮೆಗೇ ಹೊತ್ತಿಕೊಳ್ಳುವುದು ಅದಕ್ಕೇ. ಕಹಳೆಯವನು ತೂಕಡಿಸಿದರೆ ಊರೇ ಮಲಗಿದಂತೆ!

ಇದನ್ನರಿತೇ ತಂತ್ರಜ್ಞರು ಅಂಥ ಹೊತ್ತಿನಲ್ಲಿಯೂ ಸಾಮಾನ್ಯ ಬ್ರೇಕು ಹಳೆಯ ರೀತಿಯಲ್ಲಿ ಕೆಲಸ ಮಾಡುವಂತೆ ಉಳಿಸಿಕೊಂಡಿದ್ದಾರೆ. ಹಾಗೆಂದು, ‘ಬ್ರೇಕು ಹಿಡಿಯುತ್ತದಲ್ಲ’ ಎಂದು ದೀಪವನ್ನು ಅಲಕ್ಷಿಸುವುದು ತರವಲ್ಲ. ಬ್ರೇಕೇನೋ ಹಿಡಿಯುತ್ತದೆ, ಒದ್ದೆ ರಸ್ತೆಯಲ್ಲಿ ಗಾಲಿ ಜಾರದಂತೆ ಕಾಯುವವನು ಮಾತ್ರ ಇರುವುದಿಲ್ಲ.