ನಿಯೇರಾಳ ಮೊಕದ್ದಮೆ

ಪುರಾತನ ಗ್ರೀಸಿನ ಗಣಿಕೆಯರೆಂದೊಡನೆ ಅನೇಕರ ನೆನಪಿಗೆ ಬರುವವಳು ಪೆರಿಕ್ಲೀಸನ ಸಂಗಾತಿ ಅಸ್ಪೇಸಿಯ. ಆಕೆ ನಿಜವಾಗಿ ಗಣಿಕೆಯೋ, ಪ್ರಹಸನಕಾರರ ನಿಂದೆಯಿಂದ ಹಾಗಾದವಳೋ, ಆ ವಾದ ಇನ್ನೂ ಮುಗಿದಿಲ್ಲ. ಅವಳೊಬ್ಬಳನ್ನು ಮುಂದಿಟ್ಟುಕೊಂಡು, ಗ್ರೀಸಿನ ‘ಹೆಟೈರಾ’ ವಿದ್ಯಾವತಿ, ಸ್ವತಂತ್ರೆ, ಗಂಡಸಿಗೆ ಸರಿಸಮಾನಳು ಎಂದು ಬರೆಯುವುದು ವಾಡಿಕೆಯಾಗಿದೆ. ನನಗಂತೂ ಈ ಚಿತ್ರದಲ್ಲಿ ನಂಬಿಕೆ ಕಡಮೆ. ಅದಕ್ಕೆ ಕಾರಣ ನಿಯೇರಾ.

ಕ್ರಿ.ಪೂ. 340ರ ಸುಮಾರಿನಲ್ಲಿ ಅಥೆನ್ಸಿನ ನ್ಯಾಯಸ್ಥಾನದಲ್ಲಿ ಇವಳ ವಿರುದ್ಧ ಅಪೊಲೊಡೋರಸ್ ಮಾಡಿದ ಭಾಷಣ, ಡೆಮಾಸ್ತನೀಸನ ಭಾಷಣಗಳ ನಡುವೆ ಸೇರಿಕೊಂಡು ಉಳಿದು ಬಂದಿದೆ. ಹಗೆಯವನ ಮಾತು, ನಿಜ. ಆದರೂ ಆ ಲೋಕದ ಲೆಕ್ಕಾಚಾರ ಅದರಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಕೊರಿಂಥದ ನಿಕರೆಟಿ, ತಾನೂ ದಾಸ್ಯದಿಂದ ಬಿಡುಗಡೆ ಪಡೆದವಳೇ, ಏಳು ಮಂದಿ ಎಳೆಯ ಹುಡುಗಿಯರನ್ನು ಕೊಂಡು ಸಾಕಿದಳಂತೆ. ಅವರನ್ನು ‘ಮಕ್ಕಳು’ ಎನ್ನುತ್ತಿದ್ದಳು. ಇದು ವಾತ್ಸಲ್ಯವಲ್ಲ, ಸ್ವತಂತ್ರ ಮನೆಯ ಹೆಣ್ಣೆಂದರೆ ಗಿರಾಕಿ ಹೆಚ್ಚು ಕೊಡುತ್ತಾನೆ! ಅವರಲ್ಲೊಬ್ಬಳಾದ ನಿಯೇರಾಳನ್ನು ಇಬ್ಬರು ಪಾಲುಗೂಡಿ 30 ಮಿನಾಕ್ಕೆ, ಎಂದರೆ 3000 ದ್ರಾಕ್ಮಾಕ್ಕೆ, ಕೊಂಡರು. ಹಿಂದಿನ ಶತಮಾನದ ಕೊನೆಯಲ್ಲಿ ಎರಕ್ತಿಯಮ್ ಗುಡಿಯ ಕೆಲಸಗಾರನಿಗೆ ದಿನಕ್ಕೆ ಒಂದು ದ್ರಾಕ್ಮಾ ಕೂಲಿಯಿತ್ತು. ತಮ್ಮ ಮದುವೆಯ ಕಾಲ ಬಂದಾಗ ಅದೇ ಒಡೆಯರು, 20 ಮಿನಾ ತಂದರೆ ಬಿಡುಗಡೆ, ಆದರೆ ಈ ಊರಿನಲ್ಲಿ ಕಸುಬು ಕೂಡದು ಎಂದರು. ಹಳೆಯ ಪ್ರಣಯಿಗಳಿಂದ ಆಕೆ ಹಣ ಕೂಡಿಸಿದಳು. ಉಳಿದದ್ದನ್ನು ಅಥೆನ್ಸಿನ ಫ್ರಿನಿಯನ್ ತೆತ್ತ. ಅವನ ದುರ್ನಡತೆ ತಾಳಲಾರದೆ ಮೆಗಾರಕ್ಕೆ ಓಡಿದಳು; ಅಲ್ಲಿಂದ ಸ್ಟೆಫಾನಸನ ಆಸರೆಯಲ್ಲಿ ಅಥೆನ್ಸಿಗೆ ಮರಳಿದಳು. ಫ್ರಿನಿಯನ್ ಹಕ್ಕು ಸಾಧಿಸಲು ಬಂದ. ಮೂವರು ಪಂಚರು ಕೂಡಿ, ಆಕೆ ಸ್ವತಂತ್ರಳೆಂದು ಸಾರಿದರು. ಆದರೆ ದಿನ ಬಿಟ್ಟು ದಿನ ಇಬ್ಬರ ಬಳಿಯೂ ಇರತಕ್ಕದ್ದೆಂದು ವಿಧಿಸಿದರು. ಇದು ಆ ಕಾಲದ ಸ್ವಾತಂತ್ರ್ಯ!

ಮುಂದೆ ಸುಮಾರು ಮೂವತ್ತು ವರ್ಷ ಸ್ಟೆಫಾನಸನ ಮನೆಯಲ್ಲಿ ಬಾಳಿದಳು. ಅಪರಾಧವಾದದ್ದು ಈ ಬಾಳೇ. ಅನ್ಯನಾಡಿನವಳು ಪ್ರಜೆಯ ಹೆಂಡತಿಯಾಗಿ ಬಾಳಿದರೆ ಅವಳನ್ನು ದಾಸಿಯಾಗಿ ಮಾರಬೇಕು. ಅವನಿಗೆ 1000 ದ್ರಾಕ್ಮಾ ದಂಡ. ತಂದೆತಾಯಿಗಳಿಬ್ಬರೂ ಅಥೆನ್ಸಿನವರಾದರೆ ಮಾತ್ರ ಪೌರತ್ವವೆಂದು ಕ್ರಿ.ಪೂ. 451ರಲ್ಲಿ ಶಾಸನ ತಂದವನು ಪೆರಿಕ್ಲೀಸನೇ. ಮಹಾಮಾರಿಗೆ ಇಬ್ಬರು ಮಕ್ಕಳನ್ನು ಕಳೆದುಕೊಂಡ ಮೇಲೆ, ಅಸ್ಪೇಸಿಯಳ ಮಗನನ್ನು ಪ್ರಜೆಯಾಗಿಸಲು ಅವನು ಜನರನ್ನು ಬೇಡಬೇಕಾಯಿತು. ನಿಯೇರಾಳ ಪರವಾಗಿ ಬೇಡಲು ಅಂಥವರಾರಿದ್ದರು?

ಅಪೊಲೊಡೋರಸನಿಗೆ ಹಗೆಯಿದ್ದದ್ದು ಸ್ಟೆಫಾನಸನ ಮೇಲೆ. ಅವನು ಹಿಂದೆ ತನ್ನನ್ನು ಕಟಕಟೆಗೆಳೆದಿದ್ದ. ಆ ಸೇಡಿಗೆ ಸಿಕ್ಕಿದವಳು ಐವತ್ತು ದಾಟಿದ್ದಿರಬಹುದಾದ ಈ ಹೆಂಗಸು. ಆ ನ್ಯಾಯಸ್ಥಾನದಲ್ಲಿ ಹೆಣ್ಣು ತನ್ನ ಪರವಾಗಿ ವಾದಿಸುವಂತಿರಲಿಲ್ಲ. ಫಿರ್ಯಾದಿಯ ಭಾಷಣ ಮಾತ್ರ ಉಳಿದಿದೆ. ಪ್ರತಿವಾದವೂ ಇಲ್ಲ, ತೀರ್ಪೂ ಇಲ್ಲ.